ಎಲ್ಲ ಬಂದ ಮೇಲೆಯೇ ಕಣಕ್ಕೆ ಇಳಿಯಬೇಕೆ?

‘ಇನ್ನೂ ಪೂರ್ತಿ ಬಂದಿಲ್ಲ, ಮುಂದಿನ ವರ್ಷ ನೋಡೋಣ.’ ಪ್ರತಿಭಾ ಕಾರಂಜಿಯೋ ಶಾಲಾ ಕ್ರೀಡಾಕೂಟವೋ ಹತ್ತಿರ ಬಂದಾಗ ಮಕ್ಕಳ ವಿಷಯದಲ್ಲಿ ಹಿರಿಯರು ಬಹಳ ಸುಲಭವಾಗಿ ಆಡುವ ಮಾತು ಇದು. ಮಾತಿನ ಹಿಂದೆ ಕಾಳಜಿ ಇದೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದರೊಳಗೆ ಒಂದು ತಪ್ಪು ಕಲ್ಪನೆಯೂ ಸೇರಿಕೊಂಡಿದೆ: ಕಲಿಕೆ ಮೊದಲು ಮುಗಿಯಬೇಕು, ಪ್ರದರ್ಶನ ಆಮೇಲೆ ಶುರುವಾಗಬೇಕು ಎಂಬುದು. ಮೈಯನ್ನೇ ಸಾಧನ ಮಾಡಿಕೊಂಡ ವಿದ್ಯೆಗಳಲ್ಲಿ, ಅಂದರೆ ಜಿಮ್ನಾಸ್ಟಿಕ್ಸ್, ಮಲ್ಲಕಂಬ, ಯಕ್ಷಗಾನದ ಕುಣಿತದಂಥವುಗಳಲ್ಲಿ, ಈ ನಂಬಿಕೆ ಇನ್ನೂ ಗಟ್ಟಿ. ಪಲ್ಟಿ ಸರಿಯಾಗಿ ಬಾರದ ಹುಡುಗಿಯನ್ನು ಸ್ಪರ್ಧೆಗೆ ಕಳಿಸುವುದು ಅಪಾಯ, ಅವಮಾನ, ಕಲೆಗೆ ಮಾಡುವ ಅಪಚಾರ ಎಂದು ಹೇಳುವವರಿದ್ದಾರೆ. ಹೇಮಾವತಿ ಹುಟ್ಟುವ ಜಾವಳಿಯಂಥ ಊರಿನ ಮಗುವಿಗೆ ವರ್ಷಕ್ಕೆ ಒಂದೋ ಎರಡೋ ಅವಕಾಶ ಸಿಕ್ಕರೆ ಅದೇ ಹೆಚ್ಚು. ಅಂಥ ಕಡೆ ‘ಮುಂದಿನ ವರ್ಷ’ ಎನ್ನುವುದು ಎಷ್ಟೋ ಸಲ ‘ಎಂದಿಗೂ ಬೇಡ’ ಎಂದಂತೆಯೇ. ಆದ್ದರಿಂದ ಈ ನಂಬಿಕೆಗೆ ಆಧಾರ ಇದೆಯೇ ಎಂದು ನೋಡಲೇಬೇಕು.

ಮೊದಲು ಜಿಮ್ನಾಸ್ಟಿಕ್ಸ್‌ನ ನಿಯಮಾವಳಿಯನ್ನೇ ಕೇಳೋಣ. ಅಂತರರಾಷ್ಟ್ರೀಯ ಮಟ್ಟದಲ್ಲಿ 2006ರಿಂದ ಅಂಕಗಳನ್ನು ಎರಡು ಭಾಗ ಮಾಡಿದ್ದಾರೆ. ಮಾಡಿದ ಸಾಹಸ ಎಷ್ಟು ಕಠಿಣ ಎಂಬುದಕ್ಕೆ ಒಂದು ಅಂಕ, ಎಷ್ಟು ಶುದ್ಧವಾಗಿ ಮಾಡಿದರು ಎಂಬುದಕ್ಕೆ ಇನ್ನೊಂದು. ಎರಡನೆಯದು 10ರಿಂದ ಶುರುವಾಗಿ ತಪ್ಪಾದಂತೆಲ್ಲ ಇಳಿಯುತ್ತದೆ. ಮಹಿಳೆಯರ ಅನ್‌ಈವನ್ ಬಾರ್ಸ್, ಬ್ಯಾಲೆನ್ಸ್ ಬೀಮ್, ಫ್ಲೋರ್‌ಗಳಲ್ಲಿ ‘ಇವು ಇರಬೇಕು’ ಎಂಬ ನಾಲ್ಕು ಅಗತ್ಯಗಳಿವೆ, ಒಂದೊಂದಕ್ಕೂ 0.5 ಅಂಕ. ಅವುಗಳಲ್ಲಿ ಒಂದನ್ನು ಬಿಟ್ಟರೆ ಸ್ಪರ್ಧೆಯಿಂದ ಹೊರಗೆ ಹಾಕುವುದಿಲ್ಲ. ಆ ಅರ್ಧ ಅಂಕ ಮತ್ತು ಆ ಸಾಹಸದ ಚಿಕ್ಕ ಬೆಲೆ ಸಿಗುವುದಿಲ್ಲ, ಅಷ್ಟೇ. ಅದೇ, ಬಾರದ್ದನ್ನು ಮಾಡಲು ಹೋಗಿ ಬಿದ್ದರೆ ಪೂರಾ 1 ಅಂಕ ಹೋಗುತ್ತದೆ. ಕಾಲೂರಿ ಇಳಿಯದೆ ಬಿದ್ದರಂತೂ ಸಾಹಸದ ಬೆಲೆಯೂ ಸಿಗದು. ಲೆಕ್ಕ ಸ್ಪಷ್ಟವಾಗಿದೆ: ಗಟ್ಟಿಯಿಲ್ಲದ ಒಂದು ಸಾಹಸವನ್ನು ಬಿಟ್ಟು ಉಳಿದುದನ್ನು ಚೊಕ್ಕವಾಗಿ ಮಾಡಿದವಳಿಗೆ ಆಗುವ ನಷ್ಟ ಕಡಿಮೆ. ಎಲ್ಲ ಬಂದಿರಲೇಬೇಕು ಎಂದು ಆಟದ ನಿಯಮ ಹೇಳುತ್ತಿಲ್ಲ. ಬಂದದ್ದು ಚೆನ್ನಾಗಿ ಬಂದಿರಲಿ ಎಂದಷ್ಟೇ ಕೇಳುತ್ತಿದೆ. ಎಲ್ಲರೂ ಒಂದೇ ಸಾಲು ಸಾಹಸಗಳನ್ನು ಮಾಡಬೇಕಾದ ಕೆಳಹಂತದ ಸ್ಪರ್ಧೆಗಳಲ್ಲಿ ಒಂದನ್ನು ಬಿಟ್ಟರೆ ಪೆಟ್ಟು ದೊಡ್ಡದೇ. ಅಲ್ಲಿಗೆ ಬೇರೆ ದಾರಿ ಇದೆ. ಅಮೆರಿಕದಲ್ಲಿ ಮಕ್ಕಳಿಗೆ 1ರಿಂದ 10ರವರೆಗೆ ಮೆಟ್ಟಿಲುಗಳನ್ನು ಮಾಡಿಟ್ಟಿದ್ದಾರೆ. ಮೇಲಿನದು ಬಾರದಿದ್ದರೆ ಕೆಳಗಿನದರಲ್ಲಿ ನಿಲ್ಲಬಹುದು, ಮನೆಯಲ್ಲಿ ಕೂರಬೇಕಿಲ್ಲ.

ದೊಡ್ಡವರ ಆಟದಲ್ಲೂ ಇದೇ ನಡೆಯುತ್ತದೆ. ತ್ರಿಪುರಾದ ದೀಪಾ ಕರ್ಮಾಕರ್ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ವಾಲ್ಟ್ ವಿಭಾಗದಲ್ಲಿ 15.066 ಅಂಕ ಪಡೆದು ನಾಲ್ಕನೆಯವರಾದರು. ಕಂಚು ತಪ್ಪಿದ್ದು 0.15ರಲ್ಲಿ. ನಮಗೆ ಅಷ್ಟು ನೆನಪಿದೆ. ಅರ್ಹತಾ ಸುತ್ತಿನಲ್ಲಿ ಅವರು ನಾಲ್ಕೂ ಉಪಕರಣಗಳ ಮೇಲೆ ಆಡಿದ್ದರು, ಒಟ್ಟು ಅಂಕದಲ್ಲಿ ಅಂತಿಮ ಸುತ್ತಿನ ಹತ್ತಿರಕ್ಕೂ ಬರಲಿಲ್ಲ ಎಂಬುದನ್ನು ಮರೆತಿದ್ದೇವೆ. ನಾಲ್ಕರಲ್ಲೂ ಪಳಗುವವರೆಗೆ ಕಾಯಬೇಕು ಎಂದು ಅಗರ್ತಲಾದಲ್ಲಿ ಯಾರಾದರೂ ಪಟ್ಟು ಹಿಡಿದಿದ್ದರೆ ಒಲಿಂಪಿಕ್ಸ್‌ಗೆ ಹೋದ ಭಾರತದ ಮೊದಲ ಮಹಿಳಾ ಜಿಮ್ನಾಸ್ಟ್ ಅವರಾಗುತ್ತಿರಲಿಲ್ಲ. ಇನ್ನೊಂದು ನಿದರ್ಶನ ಟೋಕಿಯೊದ್ದು. 2021ರಲ್ಲಿ ಸಿಮೋನ್ ಬೈಲ್ಸ್‌ಗೆ ಗಾಳಿಯಲ್ಲಿ ತಿರುಚುವಾಗ ದೇಹ ಎಲ್ಲಿದೆ ಎಂಬ ಅರಿವು ತಪ್ಪತೊಡಗಿತು. ಅವರು ಹಲವು ಸ್ಪರ್ಧೆಗಳಿಂದ ಹಿಂದೆ ಸರಿದರು, ಕೊನೆಗೆ ಬ್ಯಾಲೆನ್ಸ್ ಬೀಮ್‌ಗೆ ಮಾತ್ರ ಬಂದರು. ಬಂದಾಗ ತಮ್ಮ ಮಾಮೂಲಿ ತಿರುಚಿನ ಇಳಿತವನ್ನು ಬಿಟ್ಟು ತಿರುಚಿಲ್ಲದ ಇಳಿತ ಮಾಡಿ ಕಂಚು ಗೆದ್ದರು. ಆ ದಿನ ಮೈಗೆ ಏನು ಗಟ್ಟಿಯೋ ಅಷ್ಟನ್ನೇ ಮಾಡುವುದು ಜಗತ್ತಿನ ಶ್ರೇಷ್ಠ ಆಟಗಾರ್ತಿಗೆ ಕುಂದಲ್ಲವಾದರೆ ಹತ್ತು ವರ್ಷದ ಮಗುವಿಗೆ ಹೇಗೆ ಕುಂದಾದೀತು?

ಇದು ವಿದೇಶಿ ಆಟದ ಮಾತು, ನಮ್ಮ ಪರಂಪರೆಯಲ್ಲಿ ಗುರು ಒಪ್ಪುವವರೆಗೆ ಶಿಷ್ಯ ರಂಗ ಹತ್ತುತ್ತಿರಲಿಲ್ಲ ಎಂದು ಆಕ್ಷೇಪಿಸುವವರುಂಟು. ಗುರು ಒಪ್ಪಬೇಕಿತ್ತು, ನಿಜ. ಏನನ್ನು ಒಪ್ಪುತ್ತಿದ್ದರು ಎಂಬುದನ್ನು ಘಟ್ಟದ ಮೇಲೂ ಕೆಳಗೂ ಪ್ರೀತಿಯಿಂದ ನೋಡುವ ಯಕ್ಷಗಾನದಲ್ಲೇ ಗಮನಿಸಬಹುದು. ಇಡೀ ರಾತ್ರಿಯ ಬಯಲಾಟ ಪ್ರಸಂಗದಿಂದ ಶುರುವಾಗುವುದಿಲ್ಲ. ಚೌಕಿಪೂಜೆಯ ನಂತರ ಪೂರ್ವರಂಗ. ಅದರಲ್ಲಿ ಮೊದಲು ಬರುವವರು ಕೋಡಂಗಿಗಳು. ಸರಳ ಉಡುಗೆ, ತಾಳಕ್ಕೆ ತಕ್ಕ ಮೂಲ ಹೆಜ್ಜೆಗಳು. ಅರ್ಥ ಹೇಳುವ ಹೊರೆಯಿಲ್ಲ, ಪಾತ್ರ ನಿರ್ವಹಣೆಯಿಲ್ಲ. ಮೇಳಕ್ಕೆ ಹೊಸದಾಗಿ ಸೇರಿದ ಹುಡುಗರು ನಿಲ್ಲುತ್ತಿದ್ದ ಜಾಗ ಅದು. ಅಲ್ಲಿ ಕಾಲು ಪಳಗಿದವನು ಬಾಲಗೋಪಾಲನಾಗುತ್ತಿದ್ದ, ಇನ್ನೊಬ್ಬ ಪೀಠಿಕಾ ಸ್ತ್ರೀವೇಷದಲ್ಲಿ ಲಾಸ್ಯದ ಕುಣಿತ ತೋರಿಸುತ್ತಿದ್ದ. ಆಮೇಲೆ ಪ್ರಸಂಗದೊಳಗಿನ ಎರಡು ಮಾತಿನ ಸಣ್ಣ ವೇಷಗಳು, ವರ್ಷಗಳು ಕಳೆದ ಮೇಲೆ ಪುಂಡುವೇಷ, ಕಿರೀಟದ ವೇಷ. ಹಿಮ್ಮೇಳಕ್ಕೂ ಇದೇ ಕ್ರಮ: ಪೂರ್ವರಂಗದ ಪದ್ಯಗಳನ್ನು ಹಾಡಲು ಕಲಿಯುವ ಭಾಗವತ, ನಡುರಾತ್ರಿಯ ಮುಖ್ಯ ಕಥಾಭಾಗಕ್ಕೆ ಪಳಗಿದ ಭಾಗವತ. ತೆಂಕಿನ ದಿಗಿಣವಾಗಲಿ ಬಡಗಿನ ಮಂಡಿಯಾಗಲಿ ಯಾವ ವ್ಯಾಯಾಮಪಟುವಿನ ಸಾಹಸಕ್ಕೂ ಕಡಿಮೆಯಲ್ಲ. ಅವು ಬರುವವರೆಗೆ ಹುಡುಗ ಚೌಕಿಯಲ್ಲೇ ಕೂತಿರಲಿ ಎಂದು ಪರಂಪರೆ ಹೇಳಲಿಲ್ಲ. ಅವನಿಗೆ ಬರುವಷ್ಟಕ್ಕೇ ಒಂದು ರಂಗಭಾಗವನ್ನು ಕಟ್ಟಿಕೊಟ್ಟಿತು. ಪೂರ್ವರಂಗವನ್ನು ಬರೀ ಪೂಜೆಯ ಮುಂದುವರಿಕೆ ಎಂದು ನೋಡುವವರಿಗೆ ಅದು ಒಂದು ಅಚ್ಚುಕಟ್ಟಾದ ಪಾಠಕ್ರಮವೂ ಹೌದೆಂಬುದು ಕಾಣುವುದಿಲ್ಲ. ಈಗ ಕಾಲಮಿತಿಯ ಆಟಗಳು ಹೆಚ್ಚಿ ಪೂರ್ವರಂಗ ಕುಗ್ಗಿದೆ. ಸಮಯದ ಒತ್ತಡ ಅರ್ಥವಾಗುವಂಥದ್ದೇ, ಆದರೆ ಎಳೆಯ ಕಲಾವಿದನ ಕೆಳಮೆಟ್ಟಿಲೇ ಹೋಗುತ್ತಿದೆ ಎಂಬ ನಷ್ಟವನ್ನು ನಾವು ಲೆಕ್ಕಕ್ಕೆ ಹಿಡಿದಿಲ್ಲ.

ಬೇಗ ಕಣಕ್ಕಿಳಿದ ಮಗು ತಪ್ಪನ್ನೇ ರೂಢಿ ಮಾಡಿಕೊಳ್ಳುತ್ತದೆ ಎಂಬ ಇನ್ನೊಂದು ವಾದವಿದೆ. ಇದರಲ್ಲಿ ಅರ್ಧ ಸತ್ಯವಿದೆ. ತಪ್ಪು ಹೆಜ್ಜೆಯನ್ನು ಸಾವಿರ ಸಲ ಮಾಡಿದರೆ ಅದು ಕಾಲಿಗೆ ಅಂಟುತ್ತದೆ. ಆದರೆ ಆ ಸಾವಿರ ಸಲ ಆಗುವುದು ತರಗತಿಯಲ್ಲಿ, ವರ್ಷಕ್ಕೆರಡು ಬಾರಿಯ ಸ್ಪರ್ಧೆಯಲ್ಲಲ್ಲ. ತಪ್ಪು ರೂಢಿಯಾಗಿದ್ದರೆ ತಿದ್ದಬೇಕಾದ್ದು ಅಭ್ಯಾಸವನ್ನು. ಸ್ಪರ್ಧೆ ಕಲಿಸುವುದು ಬೇರೆಯದನ್ನು: ಅಪರಿಚಿತ ಅಂಗಳ, ನೋಡುವ ಕಣ್ಣುಗಳು, ಹೆಸರು ಕೂಗುವವರೆಗಿನ ಕಾಯುವಿಕೆ, ನಡುವೆ ಎಡವಿದರೆ ನಿಲ್ಲದೆ ಮುಂದುವರಿಯುವುದು. ಇವನ್ನು ಮನೆಯ ಅಂಗಳದಲ್ಲಿ ಅಭ್ಯಾಸ ಮಾಡಲು ಬರುವುದಿಲ್ಲ. ಇವುಗಳ ಮೊದಲ ಪರಿಚಯ ಆಗುವ ಹೊತ್ತಿಗೆ ಮಾಡುವ ಕೆಲಸವೂ ತೀರ ಕಠಿಣವಾಗಿದ್ದರೆ ಮಗು ಒಟ್ಟೊಟ್ಟಿಗೆ ಎರಡು ಹೊರೆ ಹೊರಬೇಕಾಗುತ್ತದೆ. ಎಲ್ಲ ಕಲಿಯಲಿ ಎಂದು ಕಾದವರು ಅರಿಯದೆ ಮಾಡುವುದು ಇದನ್ನೇ. ಸೋತರೆ ಮನಸ್ಸು ಮುರಿಯುತ್ತದೆ ಎನ್ನುವವರಿಗೂ ಹೇಳಬೇಕಾದ್ದಿದೆ. ಕೊನೆಯ ಸ್ಥಾನ ಬಂದದ್ದಕ್ಕಿಂತ, ಬಂದು ಕೂತ ಮೇಲೆ ದೊಡ್ಡವರು ಆಡುವ ಮಾತು ಮಗುವಿಗೆ ಹೆಚ್ಚು ನಾಟುತ್ತದೆ. ‘ನಾಲ್ಕರಲ್ಲಿ ಮೂರು ಚೊಕ್ಕವಾಗಿ ಮಾಡಿದೆ, ನಾಲ್ಕನೆಯದು ಮಳೆಗಾಲ ಮುಗಿಯುವುದರೊಳಗೆ ಕಲಿಯೋಣ’ ಎಂದು ಹೇಳುವ ಮೇಷ್ಟ್ರಿದ್ದರೆ ಆ ಮಗುವಿಗೆ ಸೋಲಿನ ಭಯ ಹಿಡಿಯದು.

ಎಲ್ಲಕ್ಕಿಂತ ಗಂಭೀರ ಆಕ್ಷೇಪ ಗಾಯದ್ದು. ಇದನ್ನು ಹಗುರವಾಗಿ ತೆಗೆದುಕೊಳ್ಳುವ ಹಕ್ಕು ಯಾರಿಗೂ ಇಲ್ಲ. ಸೋವಿಯತ್ ಒಕ್ಕೂಟದ ಎಲೆನಾ ಮುಖಿನಾ 1978ರಲ್ಲಿ ವಿಶ್ವ ಚಾಂಪಿಯನ್. ಮರುವರ್ಷ ಕಾಲು ಮುರಿಯಿತು. ಅದು ಸರಿಯಾಗಿ ಕೂಡುವ ಮೊದಲೇ ಮಾಸ್ಕೊ ಒಲಿಂಪಿಕ್ಸ್‌ಗಾಗಿ ಥಾಮಸ್ ಸಾಲ್ಟೊ ಎಂಬ ಅತಿ ಕಠಿಣ ಪಲ್ಟಿಯನ್ನು ಅಭ್ಯಾಸ ಮಾಡಿಸಿದರು. 1980ರ ಜುಲೈನಲ್ಲಿ, ಒಲಿಂಪಿಕ್ಸ್‌ಗೆ ಎರಡೇ ವಾರ ಇರುವಾಗ, ಮಿನ್ಸ್ಕ್‌ನ ತರಬೇತಿಯಲ್ಲಿ ಗದ್ದ ನೆಲಕ್ಕೆ ಬಡಿದು ಕುತ್ತಿಗೆಯ ಮೂಳೆ ಮುರಿಯಿತು. 2006ರಲ್ಲಿ ತೀರಿಕೊಳ್ಳುವವರೆಗೂ ಅವರ ಕೈಕಾಲುಗಳಿಗೆ ಶಕ್ತಿ ಮರಳಲಿಲ್ಲ. ಆ ಬಗೆಯ ಪಲ್ಟಿ ಇಂದು ನಿಷಿದ್ಧ. ಈ ದುರಂತವನ್ನು ಹೇಳಿ ಸ್ಪರ್ಧೆಯೇ ಬೇಡ ಎನ್ನುವವರು ಎರಡು ಸಂಗತಿಗಳನ್ನು ನೋಡಬೇಕು. ಅದು ಆದದ್ದು ಅಭ್ಯಾಸದಲ್ಲಿ. ಕಾರಣವೂ ಇಂಥದ್ದೊಂದು ಬಂದಿರಲೇಬೇಕು, ಇಲ್ಲದಿದ್ದರೆ ಕಣಕ್ಕೆ ಇಳಿಯುವಂತಿಲ್ಲ ಎಂಬ ಹಟವೇ. ‘ಎಲ್ಲ ಬರಬೇಕು’ ಎಂಬ ನಂಬಿಕೆ ಮಗುವನ್ನು ಕಾಯುತ್ತದೆ ಎಂದು ತಿಳಿದಿದ್ದೇವೆ. ಸ್ಪರ್ಧೆಯ ದಿನಾಂಕ ಹತ್ತಿರವಾದಾಗ ಅದೇ ನಂಬಿಕೆ ಅವಸರವಾಗಿ ತಿರುಗುತ್ತದೆ.

ಇಲ್ಲಿ ಎದುರು ದಿಕ್ಕಿನ ತಪ್ಪು ಕಲ್ಪನೆಯನ್ನೂ ಹೇಳದಿದ್ದರೆ ಮಾತು ಅರೆಯಾಗುತ್ತದೆ. ‘ಒಮ್ಮೆ ಇಳಿಸಿಬಿಡಿ, ಹುಮ್ಮಸ್ಸಿನಲ್ಲಿ ತಾನೇ ಬರುತ್ತದೆ’ ಎನ್ನುವವರಿದ್ದಾರೆ. ಹುಮ್ಮಸ್ಸಿನಲ್ಲಿ ಹೊಸ ಪಲ್ಟಿ ಬರುವುದಿಲ್ಲ. ಕಣ ಕಲಿತದ್ದನ್ನು ಒರೆಗೆ ಹಚ್ಚುತ್ತದೆ, ಕಲಿಯದ್ದನ್ನು ಕೊಡುವುದಿಲ್ಲ. ಬೇಗ ಇಳಿಸುವ ಉತ್ಸಾಹಕ್ಕೂ ಮಿತಿ ಬೇಕು. 1976ರಲ್ಲಿ ಮಾಂಟ್ರಿಯಲ್‌ನಲ್ಲಿ ನಾದಿಯಾ ಕೊಮನೆಚಿ 14ನೆಯ ವಯಸ್ಸಿಗೆ ಪೂರ್ಣ 10 ಅಂಕ ಪಡೆದಾಗ ಜಗತ್ತು ಎಳವೆಯನ್ನೇ ಸಾಧನೆ ಎಂದು ಕೊಂಡಾಡಿತು. ಎಳೆಯ ಮೂಳೆಗಳ ಮೇಲೆ ಬೀಳುವ ಭಾರ ಕಂಡ ಮೇಲೆ 1997ರಿಂದ ದೊಡ್ಡವರ ಅಂತರರಾಷ್ಟ್ರೀಯ ಸ್ಪರ್ಧೆಗಳಿಗೆ ಹುಡುಗಿಯರ ಕನಿಷ್ಠ ವಯಸ್ಸು 16 ಆಯಿತು. ಆ ನಿಯಮವೂ ಎಳೆಯರು ಸ್ಪರ್ಧಿಸಲೇಬಾರದು ಎನ್ನಲಿಲ್ಲ, ಅವರಿಗೆ ಕಿರಿಯರ ವಿಭಾಗವಿದೆ.

ಹಾಗಾದರೆ ಮೂಡಿಗೆರೆ ಸೀಮೆಯ ಒಂದು ಶಾಲೆಯಲ್ಲಿ ಯಾವ ಮಗುವನ್ನು ಕಳಿಸಬಹುದು? ಪಟ್ಟಿಯಲ್ಲಿ ಎಷ್ಟು ಬಂದಿದೆ ಎಂದು ಎಣಿಸುವ ಬದಲು, ತೋರಿಸಲಿರುವ ಪ್ರತಿಯೊಂದನ್ನೂ ಮಗು ಯಾರ ಕೈ ಆಸರೆಯೂ ಇಲ್ಲದೆ, ದಣಿದಾಗಲೂ, ಬೇರೆ ನೆಲದ ಮೇಲೂ ಮಾಡಬಲ್ಲದೇ ಎಂದು ಕೇಳಬೇಕು. ಮ್ಯಾಟ್ ಇಲ್ಲದ ಶಾಲೆಯಲ್ಲಿ ಕಲಿತ ಮಗು ಗಾಳಿಯಲ್ಲಿ ತಲೆ ಕೆಳಗಾಗುವ ಪಲ್ಟಿಗಳನ್ನು ಬಿಡಲಿ. ಅಂಗೈ ಮೇಲಿನ ನಿಲುವು, ಬಂಡಿಚಕ್ರ, ಸಮತೋಲ, ಹಾರಿ ಸರಿಯಾಗಿ ಕಾಲೂರುವುದು ಇವಿಷ್ಟರಲ್ಲೇ ಒಂದು ಸುಂದರ ಪ್ರದರ್ಶನ ಕಟ್ಟಬಹುದು. ತೀರ್ಪುಗಾರರ ಹೊಣೆಯೂ ಇಲ್ಲಿದೆ. ಕಷ್ಟದ್ದಕ್ಕೆ ಬಿದ್ದು ಎದ್ದವರಿಗೆ ಚಪ್ಪಾಳೆಯ ಜೊತೆ ಅಂಕವನ್ನೂ ಸುರಿದು, ಸರಳವಾದದ್ದನ್ನು ಶುದ್ಧವಾಗಿ ಮಾಡಿದವರನ್ನು ಹಿಂದಕ್ಕೆ ಹಾಕಿದರೆ ಮುಂದಿನ ವರ್ಷ ಎಲ್ಲ ಶಾಲೆಗಳೂ ಬಾರದ ಪಲ್ಟಿಯನ್ನೇ ಮಕ್ಕಳಿಂದ ಮಾಡಿಸುತ್ತವೆ. ಅಂಕದ ಹಾಳೆಯಲ್ಲಿ ಶುದ್ಧತೆಗೆ ಪ್ರತ್ಯೇಕ ಕಾಲಂ ಇಡುವುದು, ಹೊಸಬರಿಗೆ ಒಂದು ಕೆಳಹಂತದ ವಿಭಾಗ ತೆರೆಯುವುದು, ಇವೆರಡಕ್ಕೂ ಖರ್ಚಿಲ್ಲ. ಕ್ಲಸ್ಟರ್ ಮಟ್ಟದಿಂದಲೇ ಶುರು ಮಾಡಬಹುದು.