ಸಿಟ್ಟು, ಮುನಿಸು, ರೋಷ, ಆಕ್ರೋಶ

ಕನ್ನಡದಲ್ಲಿ ಕೋಪಕ್ಕೆ ಹತ್ತಾರು ಹೆಸರುಗಳಿವೆ. ಕೋಪ ಯಾರಿಗೆ ಬಂದಿದೆ, ಯಾರ ಮೇಲೆ ಬಂದಿದೆ, ಎಷ್ಟು ಹೊತ್ತು ನಿಲ್ಲುತ್ತದೆ, ಬಾಯಿಂದ ಹೊರಬೀಳುತ್ತದೆಯೋ ಹೊಟ್ಟೆಯಲ್ಲೇ ಉಳಿಯುತ್ತದೆಯೋ ಎಂಬುದನ್ನು ನೋಡಿ ಹೆಸರು ಬದಲಾಗುತ್ತದೆ. ತಾಯಿ ಮಗನ ಮೇಲೆ ರೇಗುತ್ತಾಳೆ, ಗೆಳತಿ ಗೆಳತಿಯೊಡನೆ ಮುನಿಸಿಕೊಳ್ಳುತ್ತಾಳೆ, ತುಂಬಿದ ಸಭೆಯಲ್ಲಿ ಅವಮಾನಗೊಂಡವನಿಗೆ ರೋಷ ಉಕ್ಕುತ್ತದೆ. ಗೆಳತಿಗೆ ರೋಷ ಉಕ್ಕಿತು ಎಂದರೆ ವ್ಯಾಕರಣ ಕೆಡದು, ಆದರೆ ಅಲ್ಲಿಗೆ ಗೆಳೆತನವೇ ಮುಗಿಯಿತೇನೋ ಎಂದು ಕೇಳುವವರು ಗಾಬರಿಯಾಗುತ್ತಾರೆ.

ದಿನಬಳಕೆಯ ಮಾತುಗಳು ಎರಡು: ಕೋಪ, ಸಿಟ್ಟು. ‘ಕೋಪ’ ಸಂಸ್ಕೃತದಿಂದ ಬಂದದ್ದು. ಅದರ ಮೂಲಧಾತುವಿನಲ್ಲಿ ಕದಡುವುದು, ಕ್ಷೋಭೆಗೊಳ್ಳುವುದು ಎಂಬ ಅರ್ಥವಿದೆ. ಹಾಗೆಂದು ಅದು ಓದಿದವರ ಸ್ವತ್ತಲ್ಲ. ಬಿಡದಿ, ಬೈರಮಂಗಲ, ಮಾಗಡಿ, ಕನಕಪುರದ ಹಳ್ಳಿಗಳಲ್ಲಿ ‘ಕೋಣ’ ‘ಕ್ವಾಣ’ವಾಗುವಂತೆ ಅದು ‘ಕ್ವಾಪ’ವಾಗಿ ಮಣ್ಣಿನ ಮಾತೇ ಆಗಿಹೋಗಿದೆ. ‘ಬಡವನ ಕೋಪ ದವಡೆಗೆ ಮೂಲ’, ‘ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ’ ಎಂಬ ಗಾದೆಗಳಲ್ಲಿ ಕೂತಿರುವುದೂ ಇದೇ ಪದ. ‘ಸಿಟ್ಟು’ ಇನ್ನೂ ಸಲಿಗೆಯದು, ಮನೆಯೊಳಗಿನದು. ದೂರ್ವಾಸನಿಗೆ ಬರುವುದು ಕೋಪ. ಊಟ ಬೇಡವೆಂದು ಮೂಲೆ ಹಿಡಿದ ಮಗುವಿಗೆ ಬಂದಿರುವುದು ಸಿಟ್ಟು. ರೇಗುವುದು ಆ ಗಳಿಗೆಯದು, ಬೈದ ಮೇಲೆ ಮುಗಿಯಿತು. ಸಿಡುಕು ಸ್ವಭಾವಕ್ಕೆ ಸೇರಿದ್ದು, ಸಿಡುಕನಿಗೆ ಕಾರಣ ಬೇಕಿಲ್ಲ. ಕಾರಣವಿದ್ದೂ ಬಾಯಿಬಿಟ್ಟು ಹೇಳಲಾಗದೆ ಚಡಪಡಿಸುವವನದು ಸಿಡಿಮಿಡಿ.

ಇಲ್ಲಿ ವ್ಯಾಕರಣವೂ ಒಂದು ಸೂಕ್ಷ್ಮ ಹೇಳುತ್ತದೆ. ಕನ್ನಡದಲ್ಲಿ ಕೋಪ, ಸಿಟ್ಟು, ರೋಷಗಳು ಮನುಷ್ಯನಿಗೆ ‘ಬರುತ್ತವೆ’, ಜ್ವರ ಬಂದ ಹಾಗೆ. ರೇಗುವುದು, ಕೆರಳುವುದು, ಮುನಿಯುವುದು, ಕನಲುವುದು ಹಾಗಲ್ಲ. ಅವನ್ನು ಮನುಷ್ಯನೇ ಮಾಡುತ್ತಾನೆ. ‘ನನಗೆ ಕೋಪ ಬಂತು’ ಎನ್ನುವವನು ತನ್ನ ಹೊಣೆಯನ್ನು ಸ್ವಲ್ಪ ಇಳಿಸಿಕೊಂಡಿರುತ್ತಾನೆ. ‘ನಾನು ರೇಗಿಬಿಟ್ಟೆ’ ಎನ್ನುವವನು ತಪ್ಪನ್ನು ಅರ್ಧ ಒಪ್ಪಿಕೊಂಡಾಯಿತು.

ಇವೆಲ್ಲದರಲ್ಲಿ ‘ಮುನಿಸು’ ಕನ್ನಡದ ಅತ್ಯಂತ ಚೆಲುವಾದ ಪದ. ಋಷಿ ಎಂಬ ಅರ್ಥದ ಸಂಸ್ಕೃತದ ‘ಮುನಿ’ಗೂ ಇದಕ್ಕೂ ಸಂಬಂಧವಿಲ್ಲ, ಇದು ತಮಿಳಿನಲ್ಲೂ ಸೋದರ ರೂಪವಿರುವ ದ್ರಾವಿಡ ಧಾತು. ಹಿಂದೆ ಅದರ ಅರ್ಥ ಹರವಾಗಿತ್ತು. 12ನೇ ಶತಮಾನದಲ್ಲಿ ಬಸವಣ್ಣನವರು ಏಳು ಬೇಡಗಳನ್ನು ಹೇಳಿದ ವಚನದಲ್ಲಿ ಕೋಪಕ್ಕೆ ಬಳಸಿದ್ದು ಈ ಧಾತುವನ್ನೇ, ಅಲ್ಲಿ ಅದು ಎಲ್ಲ ಬಗೆಯ ಕೋಪವನ್ನೂ ಒಳಗೊಳ್ಳುತ್ತದೆ. ಇಂದಿನ ಮುನಿಸಿಗೆ ಪ್ರೀತಿ ಬೇಕೇ ಬೇಕು. ಗಂಡ ಹೆಂಡಿರ ನಡುವೆ, ಅಣ್ಣ ತಮ್ಮಂದಿರ ನಡುವೆ, ಒಂದೇ ಪಕ್ಷದ ಇಬ್ಬರು ನಾಯಕರ ನಡುವೆ ಮುನಿಸು ಇರಬಹುದು. ಅಪರಿಚಿತನ ಮೇಲೆ ಯಾರೂ ಮುನಿಸಿಕೊಳ್ಳಲಾರರು. ಮುನಿಸಿಕೊಂಡವರು ಕೂಗಾಡುವುದಿಲ್ಲ, ಮಾತು ಬಿಡುತ್ತಾರೆ, ಎದುರಿನವರು ತಾವಾಗಿ ಬಂದು ಕೇಳಲಿ ಎಂದು ಕಾಯುತ್ತಾರೆ. ಬರೀ ನಟನೆಯಾದರೆ ಅದಕ್ಕೆ ‘ಹುಸಿಮುನಿಸು’ ಎಂಬ ಪ್ರತ್ಯೇಕ ಹೆಸರೇ ಇದೆ. ಕೋಪ ಇಳಿಯುತ್ತದೆ, ಸೇಡು ತೀರುತ್ತದೆ, ಮುನಿಸು ಮಾತ್ರ ಕರಗುತ್ತದೆ. ಆದರೆ ಹಳಗನ್ನಡ, ನಡುಗನ್ನಡದ ‘ಕಿನಿಸು’, ಕುಮಾರವ್ಯಾಸನಿಗೆ ಪ್ರಿಯವಾದ ‘ಖತಿ’ ಇಂದು ಪುಸ್ತಕಗಳಲ್ಲಷ್ಟೇ ಉಳಿದಿವೆ.

ಸಂಸ್ಕೃತದಿಂದ ಬಂದ ಪದಗಳ ಗುಂಪು ದೊಡ್ಡದು. ಅಮರಕೋಶ ತನ್ನ ನಾಟ್ಯವರ್ಗದಲ್ಲಿ ಕೋಪ, ಕ್ರೋಧ, ಅಮರ್ಷ, ರೋಷ ಮೊದಲಾಗಿ ಏಳು ಪದಗಳನ್ನು ಒಂದೇ ಅರ್ಥದಲ್ಲಿ ಕೊಡುತ್ತದೆ. ಕನ್ನಡ ಅವನ್ನು ತಂದುಕೊಂಡು ಬೇರೆ ಬೇರೆ ಕೆಲಸಕ್ಕೆ ಹಚ್ಚಿತು. ಅರಿಷಡ್ವರ್ಗದಲ್ಲಿ ಒಂದಾದ, ರೌದ್ರರಸದ ಸ್ಥಾಯಿಭಾವವಾದ ‘ಕ್ರೋಧ’ ಶಾಸ್ತ್ರದ ಮಾತಾಗಿ ಉಳಿಯಿತು. ‘ರೋಷ’ ಸ್ವಾಭಿಮಾನಕ್ಕೆ ಅಂಟಿಕೊಂಡಿತು. ‘ರೋಷ ಇದ್ದರೆ ಬಾ’ ಎಂಬ ಸವಾಲಿನಲ್ಲಿ ಅದು ಮೆಚ್ಚತಕ್ಕ ಗುಣವೇ. ರನ್ನನ ಗದಾಯುದ್ಧದಲ್ಲಿ ವೈಶಂಪಾಯನ ಸರೋವರದೊಳಗೆ ಅಡಗಿದ ದುರ್ಯೋಧನ ಭೀಮನ ಗರ್ಜನೆ ಕೇಳಿ ನೀರಿನಲ್ಲೇ ಬೆವರುತ್ತಾನೆ. ಸಾವಿರ ವರ್ಷ ಕಳೆದರೂ ರೋಷಕ್ಕೆ ಅದಕ್ಕಿಂತ ಒಳ್ಳೆಯ ಚಿತ್ರ ಕನ್ನಡದಲ್ಲಿಲ್ಲ. ‘ಆಕ್ರೋಶ’ದ ಧಾತುವಿಗೆ ಕೂಗು ಎಂದರ್ಥ. ಗಂಟಲಿಂದ ಹೊರಬಿದ್ದ, ನಾಲ್ಕು ಜನರ ಕಿವಿಗೆ ಬಿದ್ದ ಕೋಪಕ್ಕೆ ಮಾತ್ರ ಅದು ಸಲ್ಲಬೇಕಾದ ಹೆಸರು.

ಇಂಗ್ಲಿಷ್ ಭಾಷೆ ಬೇರೆ ದಾರಿ ಹಿಡಿದಿದೆ. ಅಲ್ಲಿ ‘ಆಂಗರ್’ ಎಂಬ ಸಾಮಾನ್ಯ ಪದದ ಮೂಲ ಹಳೆಯ ನಾರ್ಸ್ ಭಾಷೆಯಲ್ಲಿದ್ದು, ಅಲ್ಲಿ ಅದು ದುಃಖ, ಸಂಕಟವನ್ನು ಹೇಳುತ್ತಿತ್ತು. ಹುಚ್ಚುನಾಯಿ ರೋಗಕ್ಕೆ ಲ್ಯಾಟಿನ್ನಿನಲ್ಲಿದ್ದ ಪದದಿಂದ ‘ರೇಜ್’ ಹುಟ್ಟಿದೆ. ಆ ಭಾಷೆಯ ನಿಜವಾದ ಹೆಚ್ಚುಗಾರಿಕೆ ನ್ಯಾಯ-ಅನ್ಯಾಯದ ಕೋಪವನ್ನು ಬಿಡಿಸಿ ಹೇಳುವುದರಲ್ಲಿದೆ. ನಡೆಯಬಾರದ್ದು ನಡೆದಾಗ ಹುಟ್ಟುವ ಕೋಪ ‘ಇಂಡಿಗ್ನೇಷನ್’. ಆದ ಅನ್ಯಾಯವನ್ನು ಮತ್ತೆ ಮತ್ತೆ ನೆನೆದು ಒಳಗೇ ಕುದಿಯುವುದು ‘ರಿಸೆಂಟ್‌ಮೆಂಟ್’. ಮಿತಿ ಮೀರಿದ ಅನ್ಯಾಯಕ್ಕೆ ಸಮಾಜವೇ ಎದ್ದು ನಿಲ್ಲುವುದು ‘ಔಟ್‌ರೇಜ್’. ಈ ಮೂರಕ್ಕೂ ಕನ್ನಡ ಪತ್ರಿಕೆಗಳು ಬಳಸುತ್ತಿರುವುದು ಒಂದೇ ಪದ, ಆಕ್ರೋಶ. ಬಸ್ ತಡವಾದರೂ ಆಕ್ರೋಶ, ಜಮೀನು ಹೋದರೂ ಆಕ್ರೋಶ. ಹೀಗಾದರೆ ಪದದ ಕಸುವು ಹೋಗುತ್ತದೆ, ಜೊತೆಗೆ ಜನರ ನೋವಿನ ಅಳತೆಯೂ ತಪ್ಪುತ್ತದೆ.

ಕನ್ನಡದಲ್ಲಿ ಪದಗಳಿಲ್ಲದೆ ಹೀಗಾಗಿಲ್ಲ. ಮೊದಲನೆಯದಕ್ಕೆ ‘ಸಾತ್ವಿಕ ಸಿಟ್ಟು’ ಇದೆ, ಎರಡನೆಯದಕ್ಕೆ ‘ಬೇಗುದಿ’, ‘ಒಡಲುರಿ’ ಇವೆ. ಹಳ್ಳಿಯ ಬಾಯಿಗೆ ಹತ್ತಿರವಾದದ್ದು ‘ಹೊಟ್ಟೆ ಉರೀತದೆ’ ಎಂಬ ಮಾತು. ಹೊಟ್ಟೆಕಿಚ್ಚು ಬೇರೆ, ಅದು ಕಂಡವರ ಏಳಿಗೆಗೆ ಪಡುವ ಅಸೂಯೆ. ಹೊಟ್ಟೆ ಉರಿಯುವುದರಲ್ಲಿ ದುಃಖ, ಕೋಪ, ಕೈಲಾಗದ ಸಂಕಟ ಮೂರೂ ಕೂಡಿರುತ್ತವೆ.

ಆ ಮಾತಿನ ಭಾರ ತಿಳಿಯಲು ಬೈರಮಂಗಲವನ್ನು ನೋಡಬೇಕು. ರಾಮನಗರ ತಾಲ್ಲೂಕು ಬಿಡದಿ ಹೋಬಳಿಯ ಈ ಊರಿನ ಕೆರೆ ವೃಷಭಾವತಿ ನದಿಗೆ ಕಟ್ಟಿದ್ದು. ಸುತ್ತಲ ಹೊಲಗದ್ದೆಗೆ ನೀರುಣಿಸಲು ಕಟ್ಟಿದ ಕೆರೆಗೆ ದಶಕಗಳಿಂದ ಬೆಂಗಳೂರಿನ ಚರಂಡಿ ನೀರು, ಕಾರ್ಖಾನೆಗಳ ಕೊಳಕು ಹರಿದು ಬರುತ್ತಿದೆ. ನೊರೆ, ದುರ್ವಾಸನೆ ಊರಿನ ಪಾಲಾಗಿವೆ. ಅಲ್ಲಿಂದ ಮುಂದೆ ಅದೇ ನೀರು ಅರ್ಕಾವತಿಯನ್ನು, ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಹಿಂದೆಯೇ ಕೇಳಿಬಂದಿದ್ದ ಬಿಡದಿ ಟೌನ್‌ಶಿಪ್ ಯೋಜನೆ 2025ರಲ್ಲಿ ಮತ್ತೆ ಜೀವ ಪಡೆದು, ಭೂಸ್ವಾಧೀನದ ಅಧಿಸೂಚನೆ ಹೊರಬಿದ್ದಾಗ ಬೈರಮಂಗಲ ಭಾಗದ ರೈತರು ಬೀದಿಗಿಳಿದರು. ‘ಆಕ್ರೋಶದ ಕಟ್ಟೆಯೊಡೆಯಿತು’ ಎಂದು ಬರೆಯುವುದು ಇಂಥ ಕಡೆ ಬಹಳ ಸುಲಭ. ಕಟ್ಟೆ ಒಡೆಯುವ ಮೊದಲು ಅದು ವರ್ಷಗಟ್ಟಲೆ ತುಂಬಿರಬೇಕು. ಕೊಳೆತ ನೀರಿನ ಪಕ್ಕ ಬೇಸಾಯ ಮಾಡಿಕೊಂಡು ಬಂದವರದು ಬೇಗುದಿ. ಬೀದಿಯಲ್ಲಿ ಕೂಗಿದ ದಿನ ಮಾತ್ರ ಅದು ಆಕ್ರೋಶ.

ವರದಿ ಬರೆಯುವವರು ತಲೆಬರಹಕ್ಕೆ ಸಿದ್ಧಪದ ಹುಡುಕುವ ಮೊದಲು ಎದುರಿಗೆ ನಿಂತವರು ಆಡಿದ ಪದವನ್ನು ಕೇಳಿಸಿಕೊಳ್ಳಲಿ, ಅದನ್ನೇ ಅಚ್ಚು ಮಾಡಲಿ.