ಕೊಡಗಿನ ಮಳೆ, ಮತ್ತಿಕೆರೆಯ ನಲ್ಲಿ

ಪ್ರಶ್ನೆ: ಹವಾಮಾನ ಬದಲಾದರೆ ನಮ್ಮ ಮನೆಗೆ ಬರುವ ಕಾವೇರಿ ನೀರು ಕಡಿಮೆಯಾಗುತ್ತದೆಯೇ?
– ಓದುಗರು, ಮತ್ತಿಕೆರೆ, ಬೆಂಗಳೂರು

ಉತ್ತರ: ಒಟ್ಟು ಮಳೆ ಕಡಿಮೆಯಾದೀತು ಎಂದು ಖಚಿತವಾಗಿ ಹೇಳಲಾಗದು. ಅದು ಬೀಳುವ ರೀತಿ ಕೆಡುತ್ತದೆ ಎನ್ನುವುದೇ ನಿಜವಾದ ಭಯ. ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದ ಗಾಳಿ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿದಿಡಬಲ್ಲದು. ಹಾಗಾಗಿ ಸುರಿದಾಗ ಧೋ ಎಂದು ಸುರಿದು, ನಡುವಿನ ಒಣ ದಿನಗಳು ಉದ್ದವಾಗುತ್ತವೆ. ಕಾವೇರಿಗೆ ಗಂಗೆಯಂತೆ ಹಿಮದ ಆಸರೆಯಿಲ್ಲ. ಕೊಡಗಿನ ಸೋನೆ ಮಳೆ ನೆಲಕ್ಕಿಳಿದು, ತಿಂಗಳುಗಟ್ಟಲೆ ತೊರೆಗಳಲ್ಲಿ ಒಸರಬೇಕು. 2018ರ ಆಗಸ್ಟ್‌ನಲ್ಲಿ ಮಳೆಯ ಅಬ್ಬರಕ್ಕೆ ಅಲ್ಲಿ ಗುಡ್ಡಗಳೇ ಕುಸಿದವು. 2023ರಲ್ಲಿ ಮುಂಗಾರು ಕೈಕೊಟ್ಟು ಕೆಆರ್‌ಎಸ್ ಜಲಾಶಯ ತುಂಬಲಿಲ್ಲ. ಇಂಥ ವರ್ಷಗಳು ಹೆಚ್ಚಬಹುದು.

2024ರ ಅಕ್ಟೋಬರ್‌ನಲ್ಲಿ ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಕಾವೇರಿ ಐದನೇ ಹಂತದ ಯೋಜನೆ ಶುರುವಾಯಿತು, ನಿಜ. ಆದರೆ ಪೈಪು ಹೆಚ್ಚಿದರೂ ನದಿ ಒಂದೇ. ಹಿಂದೆ ಹೆಸರಘಟ್ಟ, ತಿಪ್ಪಗೊಂಡನಹಳ್ಳಿ ಜಲಾಶಯಗಳಿಂದ ಬೆಂಗಳೂರಿಗೆ ನೀರುಣಿಸಿದ ಅರ್ಕಾವತಿ ನದಿಯನ್ನು ಕೊಳವೆಬಾವಿ, ನೀಲಗಿರಿ ತೋಪು, ಬಡಾವಣೆಗಳಿಂದ ಬಹುಪಾಲು ನಾವೇ ಬತ್ತಿಸಿದೆವು. ನನ್ನನ್ನು ಹೆಚ್ಚು ಕಾಡುವುದು ಇದು. ಹಾಗಾಗಿ ನಿಮ್ಮ ತಾರಸಿಯ ಮಳೆನೀರು ಇನ್ನೂ ಮೋರಿಗೆ ಹೋಗುತ್ತಿದ್ದರೆ, ಮುಂಗಾರಿಗೆ ಮೊದಲೇ ಇಂಗುಗುಂಡಿ ತೋಡಿಸಿ.