ನೈಜರ್ ನದಿಯ ಎರಡು ಯಾತ್ರೆಗಳು

ದೂರದೇಶಕ್ಕೆ ಸೇವಾಕಾರ್ಯದ ನಿಮಿತ್ತ ಹೊರಡುವವರು ಆ ನಾಡಿನ ಭಾಷೆ, ಮತ, ಆಚಾರಗಳನ್ನು ಕುರಿತ ಗ್ರಂಥಗಳನ್ನು ಓದುವುದು ವಾಡಿಕೆ. ಅದು ಉಚಿತವೇ. ಆದರೆ ಅದೇ ಹಾದಿಯಲ್ಲಿ ಹಿಂದೆ ಹೋದವರು ಹೇಗೆ ಕಾಯಿಲೆ ಬಿದ್ದರು, ಯಾರು ಬದುಕಿ ಬಂದರು ಎಂಬ ನೀರಸ ವರದಿಗಳನ್ನು ಓದುವವರು ವಿರಳ.

1841ರಲ್ಲಿ ಬ್ರಿಟಿಷ್ ಸರಕಾರವು ಪಶ್ಚಿಮ ಆಫ್ರಿಕದ ನೈಜರ್ ನದಿಗೆ ಮೂರು ಉಗಿಹಡಗುಗಳನ್ನು ಕಳುಹಿಸಿತು. ಗುಲಾಮರ ವ್ಯಾಪಾರವನ್ನು ನಿಲ್ಲಿಸುವ ಒಪ್ಪಂದಗಳು, ವಾಣಿಜ್ಯ, ಕ್ರೈಸ್ತಮತ ಪ್ರಸಾರ ಇವು ಅದರ ಉದ್ದೇಶಗಳು. ಚರ್ಚ್ ಮಿಷನರಿ ಸೊಸೈಟಿಯ ಪರವಾಗಿ ಷೋನ್ ಅವರೂ, ಬಾಲ್ಯದಲ್ಲಿ ತಾವೇ ಗುಲಾಮರಾಗಿ ಮಾರಲ್ಪಟ್ಟು ಬಿಡುಗಡೆ ಹೊಂದಿದ್ದ ಯೊರೂಬಾ ಜನಾಂಗದ ಸ್ಯಾಮ್ಯುಯೆಲ್ ಕ್ರೌದರ್ ಅವರೂ ಜೊತೆಗಿದ್ದರು. ಷೋನ್ ಮುಂಚಿತವಾಗಿಯೇ ಹೌಸಾ ಭಾಷೆಯನ್ನು ಅಭ್ಯಾಸ ಮಾಡಿದ್ದರು. ಜೌಗುನೆಲದ ಕೆಟ್ಟ ಗಾಳಿಯೇ ಜ್ವರಕ್ಕೆ ಮೂಲವೆಂಬುದು ಅಂದಿನ ನಂಬಿಕೆಯಾದ್ದರಿಂದ, ಹಡಗಿನೊಳಗಿನ ಗಾಳಿಯನ್ನು ಶೋಧಿಸುವ ಯಂತ್ರಗಳನ್ನೂ ಅಳವಡಿಸಲಾಗಿತ್ತು. ಸಿದ್ಧತೆಗೆ ಹಣ ಕಡಿಮೆ ಬಿದ್ದಿರಲಿಲ್ಲ. ಖರ್ಚು ಹಾಕಿದ ಬಾಬತ್ತು ಮಾತ್ರ ತಪ್ಪಾಗಿತ್ತು. ಸುಮಾರು 150 ಮಂದಿ ಐರೋಪ್ಯರಲ್ಲಿ ಬಹುತೇಕರು ಜ್ವರಕ್ಕೆ ತುತ್ತಾದರು. 40ಕ್ಕೂ ಹೆಚ್ಚು ಜನ ಮಡಿದರು.

ಈ ಅನರ್ಥದಿಂದ ಉಳಿದುಬಂದುದು ಹಡಗಿನ ವೈದ್ಯರಲ್ಲೊಬ್ಬರಾದ ಥಾಮ್ಸನ್ನರ ಅನುಭವ. ಅವರು ಪ್ರತಿದಿನ ಕ್ವಿನೈನ್ ಸೇವಿಸುತ್ತಿದ್ದಷ್ಟು ಕಾಲ ಆರೋಗ್ಯವಾಗಿದ್ದರು. ಇಂಗ್ಲೆಂಡಿಗೆ ಮರಳಿ ಅದನ್ನು ಬಿಟ್ಟ ಮೇಲೆ ಜ್ವರ ಹಿಡಿಯಿತು. ಇದನ್ನು ಅವರು 1846ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಮರುವರ್ಷ ನೌಕಾದಳದ ವೈದ್ಯ ಬ್ರೈಸನ್ನರ ವರದಿಯೂ ಹೊರಬಂದಿತು. ಸಾಲ ಕೊಡುವ ಮುನ್ನ ಹಳೆಯ ಖಾತೆಯನ್ನು ತಿರುವಿಹಾಕುವಂತೆ, ಮುಂದಿನ ಯಾತ್ರೆಯವರು ಹಿಂದಿನ ನಷ್ಟದ ಲೆಕ್ಕವನ್ನು ಮರೆಯಲಿಲ್ಲ. 1854ರಲ್ಲಿ ವೈದ್ಯ ಬೈಕಿಯವರ ನಾಯಕತ್ವದಲ್ಲಿ ‘ಪ್ಲೀಯಾಡ್’ ಹಡಗು ಅದೇ ನದಿಯಲ್ಲಿ 118 ದಿನಗಳಿದ್ದಿತು. ಅದರಲ್ಲಿದ್ದ ಐರೋಪ್ಯರು ನಿಯಮದಿಂದ ಕ್ವಿನೈನ್ ಸೇವಿಸಿದರು. 12 ಮಂದಿ ಐರೋಪ್ಯರಲ್ಲಿ ಒಬ್ಬರೂ ಸಾಯಲಿಲ್ಲ. ಕ್ರೌದರ್ ಈ ಯಾತ್ರೆಯಲ್ಲಿಯೂ ಇದ್ದರು. 1864ರಲ್ಲಿ ಬಿಷಪ್ ಆದರು. ಸೊಳ್ಳೆಯ ಪಾತ್ರವಾದರೋ 1897ರಲ್ಲಿ ನಮ್ಮ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಅವರಿಂದ ಬೆಳಕಿಗೆ ಬರಬೇಕಾಯಿತು.

ಇಂದು ಮುಂಬಯಿ, ದೆಹಲಿಗಳಿಂದ ಆಫ್ರಿಕದ ಆಸ್ಪತ್ರೆ, ಶಾಲೆಗಳಿಗೆ ಸೇವೆಗಾಗಿ ತೆರಳುವವರು ಮೊದಲು ಓದಬೇಕಾದುದು ವಿಶ್ವ ಆರೋಗ್ಯ ಸಂಸ್ಥೆಯ ಪ್ರಯಾಣ ಸೂಚನೆಗಳನ್ನು. ಹಳದಿ ಜ್ವರದ ಲಸಿಕೆಯನ್ನು ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲು ಹಾಕಿಸಿಕೊಳ್ಳಬೇಕು. 2016ರ ಜುಲೈಯಿಂದ ಅದರ ಪ್ರಮಾಣಪತ್ರ ಜೀವನಪರ್ಯಂತ ಸಿಂಧುವಾಗಿದೆ. ಅದಿಲ್ಲದೆ ಆ ರೋಗವಿರುವ ದೇಶದಿಂದ ಮರಳಿದವರನ್ನು ಇಲ್ಲಿ 6 ದಿನಗಳವರೆಗೆ ಪ್ರತ್ಯೇಕವಾಗಿಡುವುದುಂಟು. ಮಲೇರಿಯಾ ತಡೆಗೆ ಈಗ ಕ್ವಿನೈನ್ ಕೊಡುವುದಿಲ್ಲ. ಕ್ಲೋರೋಕ್ವಿನ್ ಕೂಡ ಆಫ್ರಿಕದ ಬಹುಭಾಗದಲ್ಲಿ ನಿಷ್ಫಲ. ಯಾವ ಗುಳಿಗೆ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಊರು ತಲುಪಿದ ಕೂಡಲೆ ಅದನ್ನು ನಿಲ್ಲಿಸುವಂತಿಲ್ಲ. ಗುಳಿಗೆಗೆ ತಕ್ಕಂತೆ ಒಂದರಿಂದ ನಾಲ್ಕು ವಾರ ಮುಂದುವರಿಸಬೇಕು. ಥಾಮ್ಸನ್ನರಿಗೆ ಆದುದೂ ಅದೇ. ಮರಳಿದ ಕೆಲವು ತಿಂಗಳೊಳಗೆ ಜ್ವರ ಬಂದರೆ, ತಾವು ಹೋಗಿಬಂದ ದೇಶದ ಹೆಸರನ್ನು ವೈದ್ಯರಿಗೆ ಮೊದಲೇ ತಿಳಿಸಿ, ಅಂದೇ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು.